ಆಟದೊಳಗಿನ ನಾಟಕಕ್ಕೂ ಒಬ್ಬ ಭಾಗವತ ಬೇಕು

ಸಂಪಾದಕರಿಗೆ,

ಮಾನ್ಯರೇ,

ನಾನು ಹೊನ್ನಾವರ ತಾಲ್ಲೂಕಿನವನು. ಉದ್ಯೋಗದ ನಿಮಿತ್ತ 11 ವರ್ಷಗಳಿಂದ ಜರ್ಮನಿಯ ಹ್ಯಾನೋವರ್ ನಗರದಲ್ಲಿ ನೆಲೆಸಿದ್ದೇನೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನಾಟಕದ ಹುಚ್ಚಿರುವ ಕಾಲೇಜು ಹುಡುಗ ಹುಡುಗಿಯರು ನನ್ನ ಬಳಿ ಒಂದೇ ಮಾತು ಎತ್ತುತ್ತಾರೆ: 'ಅಲ್ಲಿ ವೇಷ ಹಾಕಿಕೊಂಡು ಕಾಡಿನಂಚಿನಲ್ಲಿ ನಾಲ್ಕೈದು ದಿನ ಲಾರ್ಪ್ ಎಂಬ ಆಟ ಆಡುತ್ತೀರಂತಲ್ಲ, ನಾವೂ ಆಡಬೇಕೆಂದಿದ್ದೇವೆ, ಅದರ ನಡುವೆ ನಾಟಕವನ್ನೂ ಮಾಡಬೇಕೆಂದಿದ್ದೇವೆ, ಸಂಭಾಷಣೆ ಬರೆದುಕೊಡುತ್ತೀರಾ?' ಬರೆದುಕೊಡುವುದಿಲ್ಲ ಎಂದು ನಾನು ಹೇಳಿದಾಗ ಅವರ ಮುಖ ಬಾಡುತ್ತದೆ. ಯಾಕೆ ಬರೆದುಕೊಡುವುದಿಲ್ಲ, ಸಂಭಾಷಣೆಯ ಬದಲು ಅವರಿಗೆ ಬೇಕಾದದ್ದು ಏನು, ಅದು ಅವರ ಮನೆಯ ಜಗಲಿಯಲ್ಲೇ ಹೇಗೆ ಇದೆ ಎಂಬುದನ್ನು ವಿವರವಾಗಿ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಲಾರ್ಪ್ ಎಂದರೆ ಲೈವ್ ಆ್ಯಕ್ಷನ್ ರೋಲ್ ಪ್ಲೇ. ಒಂದು ಕಲ್ಪಿತ ನಾಡು, ಅದಕ್ಕೊಂದು ಚರಿತ್ರೆ, ಅದರಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಅವನೇ ಕಟ್ಟಿಕೊಂಡ ಒಂದು ಪಾತ್ರ. ಆಟ ಶುರುವಾದ ಗಳಿಗೆಯಿಂದ ಮುಗಿಯುವ ತನಕ ಉಣ್ಣುವುದು, ಜಗಳವಾಡುವುದು, ವ್ಯಾಪಾರ ಮಾಡುವುದು, ಯುದ್ಧಕ್ಕೆ ಹೋಗುವುದು ಎಲ್ಲವೂ ಆ ಪಾತ್ರವಾಗಿಯೇ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ, ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ ಬಂದಿತು; ಮೇಜು ಬಿಟ್ಟೆದ್ದು ಮೈಯಲ್ಲೇ ಆಡಬೇಕೆಂದು ಹೊರಟವರಲ್ಲಿ ಇಂಗ್ಲೆಂಡಿನ ಚೆಷೈರ್‌ನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಆರಂಭವಾದ ಗುಂಪು ಮುಖ್ಯವಾದದ್ದು. ನಾನಿರುವ ಲೋವರ್ ಸ್ಯಾಕ್ಸನಿ ಪ್ರಾಂತದ ಬ್ರೋಕೆಲೋ ಎಂಬ ಪುಟ್ಟ ಹಳ್ಳಿಯ ಬಯಲಿನಲ್ಲಿ 2004ರಿಂದ ಕಾಂಕ್ವೆಸ್ಟ್ ಆಫ್ ಮಿಥೋಡಿಯಾ ಎಂಬ ಆಟ ನಡೆಯುತ್ತಿದೆ. ಬೇಸಿಗೆಯಲ್ಲಿ ಅಲ್ಲಿಗೆ ಸಾವಿರಾರು ಜನ ಡೇರೆ ಹೊತ್ತು ಬರುತ್ತಾರೆ. ಹೆಸ್ಸೆ ಪ್ರಾಂತದ ಡೀಮೆಲ್‌ಸ್ಟಾಟ್‌ನಲ್ಲಿ ನಡೆಯುವ ದ್ರಾಖನ್‌ಫೆಸ್ಟ್‌ನಲ್ಲಿ ಬಣ್ಣಬಣ್ಣದ ಡ್ರ್ಯಾಗನ್‌ಗಳ ಹೆಸರಿನಲ್ಲಿ ಬೇರೆ ಬೇರೆ ಪಾಳೆಯಗಳೇ ಏಳುತ್ತವೆ. ಆದರೆ ನಾಟಕಕ್ಕೆ ಹದವಾದದ್ದು ಇಂತಹ ಮಹಾಸಮೂಹವಲ್ಲ, ಎಂಬತ್ತು ನೂರು ಜನರ ಸಣ್ಣ ಆಟ ಎಂಬುದು ನನ್ನ ಅನುಭವ.

ಜರ್ಮನ್ ಆಟಗಾರರಲ್ಲಿ ಒಂದು ನಿಯಮ ಚಾಲ್ತಿಯಲ್ಲಿದೆ: ನೀನು ಯಾವುದನ್ನು ಆಡಿ ತೋರಿಸಬಲ್ಲೆಯೋ ಅದಷ್ಟೇ ನಿನಗೆ ಬರುತ್ತದೆ. ಗಾಯಕನ ಪಾತ್ರ ಬೇಕೆನ್ನುವವನು ಹಾಡಬೇಕು. ಹಾಗಾಗಿ ಆಟದೊಳಗೆ ಅಲೆಮಾರಿ ನಾಟಕದವರಾಗಿ ಬರುವ ನಮ್ಮ ಏಳು ಜನರ ಮೇಳ ನಿಜವಾಗಿಯೂ ನಾಟಕವಾಡಲೇಬೇಕು. ನಾವು ವೇಷದ ಮೇಲೆ ವೇಷ ಹಾಕುವವರು: ನಮ್ಮಲ್ಲೊಬ್ಬ ನಟನ ಪಾತ್ರದಲ್ಲಿರುತ್ತಾನೆ, ಆ ನಟ ರಾತ್ರಿ ಒಬ್ಬ ದಂಡನಾಯಕನ ಪಾತ್ರ ಮಾಡುತ್ತಾನೆ. ಎದುರಿಗೆ ಕುಳಿತವರೂ ಹಾಗೆಯೇ. ನಗುತ್ತಿರುವವಳು ಒಬ್ಬ ಗೂಢಚಾರಿಣಿಯಾಗಿರಬಹುದು, ಮುಖ ಗಂಟಿಕ್ಕಿದವನು ನಾವು ಅಣಕಿಸುತ್ತಿರುವ ಪಾಳೆಯಗಾರನೇ ಆಗಿರಬಹುದು. ಮಾಮೂಲಿ ರಂಗಮಂದಿರದಲ್ಲಿ ನಡೆಯುವ ಆಶು ನಾಟಕದಲ್ಲಿ ಪ್ರೇಕ್ಷಕರು ಒಂದು ಊರಿನ ಹೆಸರನ್ನೋ ಕಸುಬನ್ನೋ ಕೂಗಿ ಹೇಳುತ್ತಾರೆ, ನಟರು ಅದನ್ನೇ ಹಿಡಿದು ಆಡುತ್ತಾರೆ, ಪ್ರದರ್ಶನ ಮುಗಿದ ಮೇಲೆ ಅವರವರು ಮನೆಗೆ ಹೋಗುತ್ತಾರೆ. ಇಲ್ಲಿ ಮನೆಗೆ ಹೋಗುವವರು ಯಾರೂ ಇಲ್ಲ. ನಾಟಕ ನೋಡಿದವರು ಮರುದಿನವೂ ಅದೇ ನಾಡಿನಲ್ಲಿ ನಮ್ಮೊಡನೆ ಬದುಕುತ್ತಾರೆ, ಆಡಿದ ಮಾತಿನ ಫಲವನ್ನು ಎರಡು ಕಡೆಯವರೂ ಉಣ್ಣಬೇಕಾಗುತ್ತದೆ.

ಮೊದಲ ವರ್ಷ ನಮಗೆ ಇದು ತಿಳಿಯಲಿಲ್ಲ. ನಲವತ್ತು ನಿಮಿಷದ ನಾಟಕವೊಂದನ್ನು ಬರೆದು, ಎರಡು ತಿಂಗಳು ತಾಲೀಮು ಮಾಡಿ, ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. ನನಗಂತೂ ಜರ್ಮನ್ ಭಾಷೆಯ ಒಂದೊಂದು ವಾಕ್ಯವೂ ಬೆವರಿಳಿಸಿತ್ತು. ನಾಟಕ ಶುರುವಾಗಿ ಹದಿನೈದು ನಿಮಿಷವಾಗಿರಬಹುದು, ಪಾಳೆಯದ ಹೆಬ್ಬಾಗಿಲಲ್ಲಿ ಗಂಟೆ ಹೊಡೆಯಿತು. ಶತ್ರುಗಳು ಬಂದರೆಂದು ಅರ್ಧಕ್ಕರ್ಧ ಜನ ಕತ್ತಿ ಹಿರಿದು ಓಡಿದರು. ಉಳಿದವರ ಕಣ್ಣು ನಮ್ಮ ಮೇಲಿತ್ತು, ಕಿವಿ ಬಾಗಿಲ ಕಡೆಗಿತ್ತು. ನಾವು ಮಾತ್ರ ಬರೆದುಕೊಂಡು ಬಂದದ್ದನ್ನೇ ಒಪ್ಪಿಸುತ್ತ ಹೋದೆವು. ಗಂಟೆಯ ಸದ್ದನ್ನು ಎಲ್ಲರೂ ಕೇಳಿದ್ದರು, ನಮ್ಮ ನಾಟಕಕ್ಕೆ ಮಾತ್ರ ಅದು ಕೇಳಿಸಲಿಲ್ಲ. ಆ ರಾತ್ರಿ ಡೇರೆಯಲ್ಲಿ ಮಲಗಿದಾಗ ನನಗೆ ಅಪ್ಪನ ನೆನಪಾಯಿತು.

ನನ್ನ ತಂದೆ ತಾಳಮದ್ದಳೆಯ ಅರ್ಥಧಾರಿ. ದೊಡ್ಡ ಹೆಸರಿನವರಲ್ಲ, ವಿದುರ, ಜಾಂಬವಂತನಂತಹ ಪೋಷಕ ಪಾತ್ರಗಳಿಗೆ ಅರ್ಥ ಹೇಳುತ್ತಿದ್ದರು. ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಎರಡು ಮಾತು ಹೇಳುತ್ತೇನೆ. ತಾಳಮದ್ದಳೆ ಎಂದರೆ ಕುಳಿತು ಆಡುವ ಯಕ್ಷಗಾನ; ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಸುತ್ತ ಕುಳಿತ ಅರ್ಥಧಾರಿಗಳು ಆ ಪದಕ್ಕೆ ಪಾತ್ರವಾಗಿ ಅರ್ಥ ಹೇಳುತ್ತಾರೆ. ಪದ ಅಚ್ಚಾಗಿದೆ, ಅರ್ಥವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಅದು ಆ ರಾತ್ರಿಯ ಕೂಟದಲ್ಲಿ, ಎದುರು ಕುಳಿತವನ ಮಾತಿಗೆ ಮಾತಾಗಿ ಅಲ್ಲೇ ಹುಟ್ಟುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥವನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುತ್ತಾನೆ, ಕೊನೆಗೆ ವಾಲಿ ಸಾಯುತ್ತಾನೆ ಎಂಬುದು ಕೇಳುಗರಿಗೆಲ್ಲ ಗೊತ್ತು. ಆದರೂ ಈ ದಿನ ವಾಲಿ ಯಾವ ಪ್ರಶ್ನೆ ಎತ್ತುತ್ತಾನೆ, ರಾಮ ಯಾವ ದಾರಿಯಲ್ಲಿ ಅದನ್ನು ಬಿಡಿಸುತ್ತಾನೆ ಎಂದು ತಿಳಿಯಲು ಬೆಳಗಿನ ಜಾವದವರೆಗೂ ಕಾಯುತ್ತಿದ್ದರು.

ಅಪ್ಪ ಕೂಟಕ್ಕೆ ಹೊರಡುವಾಗ ಅಂಗೈಯಗಲದ ಒಂದು ಚೀಟಿ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ತಮ್ಮ ಪಾತ್ರದ ಪದಗಳ ಮೊದಲ ಸಾಲುಗಳಷ್ಟೇ ಇರುತ್ತಿದ್ದವು. 'ಇದಿರಿನವ ಕೊನೆಗೆ ಹೇಳಿದ ಮಾತು ಯಾವುದು ಅಂತ ನೋಡು ತಮ್ಮಾ, ನಿನ್ನ ಮಾತು ಅಲ್ಲಿಂದ ಶುರುವಾಗಬೇಕು' ಎನ್ನುತ್ತಿದ್ದರು. ಬ್ರಿಟನ್ನಿನಲ್ಲಿ ಹುಟ್ಟಿ ಕೆನಡಾದ ಕ್ಯಾಲ್ಗರಿಯಲ್ಲಿ ಆಶು ನಾಟಕವನ್ನು ಬೆಳೆಸಿದ ಕೀತ್ ಜಾನ್‌ಸ್ಟನ್ ತಮ್ಮ ನಟರಿಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದೂ ಇದೇ: ಜೊತೆಯವನು ಮುಂದಿಟ್ಟದ್ದನ್ನು ಒಪ್ಪಿಕೊಂಡು ಮುಂದುವರಿಸು, ತಡೆಯಬೇಡ. ಈ ವಿದ್ಯೆಯನ್ನು ಕಲಿಯಲು ಹ್ಯಾನೋವರ್‌ನಲ್ಲಿ ನಾನು ದುಡ್ಡು ಕೊಟ್ಟು ಶಿಬಿರಕ್ಕೆ ಹೋದೆ. ಮೊದಲ ಪಾಠ ಕೇಳಿದಾಗ ನಮ್ಮ ಜಗಲಿಯ ಮೇಲೆ ಕುಳಿತಂತಾಗಿತ್ತು.

ಎರಡನೆಯ ವರ್ಷದಿಂದ ನಮ್ಮ ಮೇಳದ ಕ್ರಮ ಬದಲಾಯಿತು. ಬೆಳಿಗ್ಗೆ ನಮ್ಮಲ್ಲಿ ಇಬ್ಬರು ಪಾಳೆಯವಿಡೀ ತಿರುಗುತ್ತಾರೆ: ನೀರಿನ ನಲ್ಲಿಯ ಹತ್ತಿರ, ಅಡುಗೆ ಒಲೆಯ ಹತ್ತಿರ, ಹೆಂಡದಂಗಡಿಯ ಬೆಂಚಿನ ಮೇಲೆ ಏನು ಮಾತು ನಡೆದಿದೆ ಎಂದು ಕೇಳಿಕೊಂಡು ಬರುತ್ತಾರೆ. ಸಂಜೆ ನಾಲ್ಕಕ್ಕೆ ಏಳೂ ಜನ ಕುಳಿತು ಆ ದಿನದ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳುತ್ತೇವೆ. ಯಾರ ನಂತರ ಯಾರು ಬರಬೇಕು, ಯಾವ ಜಗಳ ಯಾವ ಪ್ರಶ್ನೆಗೆ ಬಂದು ನಿಲ್ಲಬೇಕು ಎಂಬುದನ್ನು ಎಂಟು ಸಾಲಿನಲ್ಲಿ ಬರೆದು ಆ ಹಾಳೆಯನ್ನು ಪರದೆಯ ಹಿಂದೆ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಿಂದ ತೂಗುಹಾಕುತ್ತೇವೆ. ಮಾತು ಬರೆಯುವುದಿಲ್ಲ. ಇಟಲಿಯ ಕಾಮೆಡಿಯಾ ದೆಲ್ಲಾರ್ತೆ ಎಂಬ ಹಳೆಯ ಆಶು ನಾಟಕದ ಮೇಳಗಳು ಮಾಡುತ್ತಿದ್ದದ್ದೂ ಇದೇ. 1545ರಲ್ಲಿ ಪಾದುವಾದಲ್ಲಿ ಎಂಟು ಜನ ನಟರು ಕರಾರುಪತ್ರ ಬರೆಸಿ ಮೇಳ ಕಟ್ಟಿದ ದಾಖಲೆಯಿದೆ, 1611ರಲ್ಲಿ ನಟ ಫ್ಲಾಮಿನಿಯೊ ಸ್ಕಾಲಾ ಇಂತಹ 50 ಕಥಾಹಂದರಗಳನ್ನು ಅಚ್ಚು ಹಾಕಿಸಿದ. ಅವುಗಳಲ್ಲಿಯೂ ನಡೆ ಇದೆ, ನುಡಿ ಇಲ್ಲ.

ಒಂದು ರಾತ್ರಿಯ ನಾಟಕವನ್ನು ಹತ್ತಿರದಿಂದ ತೋರಿಸಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾದೀತು. ಅಂದು ಮಧ್ಯಾಹ್ನ ಸೇತುವೆಯ ಕಾವಲಿನ ನಾಯಕ ಒಂದು ಚೀಲ ನಾಣ್ಯ ಪಡೆದು ಪರನಾಡಿನ ಗಾಡಿಯೊಂದನ್ನು ತಪಾಸಣೆ ಮಾಡದೆ ಒಳಗೆ ಬಿಟ್ಟಿದ್ದ ಎಂಬ ಗುಸುಗುಸು ಪಾಳೆಯದಲ್ಲಿತ್ತು. ನಾವು ಎರಡು ಬರ್ಚ್ ಮರಗಳ ನಡುವೆ ಕೆಂಪು ಬಟ್ಟೆಯ ಪರದೆ ಕಟ್ಟಿ, ನಾಲ್ಕು ಕಂದೀಲು ಇಟ್ಟು, ಹೆಸರು ಬದಲಿಸಿ ಅದೇ ಕಥೆಯನ್ನು ಎತ್ತಿಕೊಂಡೆವು. ನಮ್ಮ ಕಾವಲುಗಾರ ನಾಣ್ಯವನ್ನು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದಾಗ ಹಿಂದಿನ ಸಾಲಿನಿಂದ ಆ ನಾಯಕನೇ ಎದ್ದು ನಿಂತ. 'ನೀನು ಸರಿಯಾಗಿ ಆಡುತ್ತಿಲ್ಲ, ನನ್ನ ಪಾತ್ರವನ್ನು ನಾನೇ ಆಡುತ್ತೇನೆ' ಎಂದು ರಂಗದೊಳಗೆ ಬಂದ. ನಮ್ಮ ಹುಡುಗ ಒಂದು ಕ್ಷಣವೂ ತಡಮಾಡದೆ ತನ್ನ ಶಿರಸ್ತ್ರಾಣ ತೆಗೆದು ಅವನ ತಲೆಗಿಟ್ಟು, ತಾನು ಆ ಗಾಡಿಯ ಎತ್ತಾಗಿ ಮೊಣಕಾಲೂರಿದ. ಅಲ್ಲಿಂದ ಮುಂದಿನ ಅರ್ಧ ಗಂಟೆ ನಮ್ಮ ಎಂಟು ಸಾಲಿನ ಹಾಳೆಗೆ ಏನೂ ಕೆಲಸವಿರಲಿಲ್ಲ. ನಾಯಕ ತನ್ನ ಪಡೆಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲವೆಂದ, ಸಂಬಳ ತಡೆದವರು ಯಾರೆಂದು ಜನ ಕೇಳಿದರು, ಅವನು ಸಭೆಯ ಒಬ್ಬ ಹಿರಿಯಳ ಕಡೆ ಬೆರಳು ತೋರಿಸಿದ. ಮರುದಿನ ಬೆಳಿಗ್ಗೆ ಪಾಳೆಯದ ಸಭೆ ಸೇರಿ ಖಜಾನೆಯ ಲೆಕ್ಕ ತೆಗೆಸಿತು. ಆಟದ ವ್ಯವಸ್ಥಾಪಕರು ಬರೆದುಕೊಂಡು ಬಂದಿದ್ದ ಕಥೆಯಲ್ಲಿ ಈ ಲೆಕ್ಕ ತಪಾಸಣೆ ಇರಲೇ ಇಲ್ಲ.

ಇಲ್ಲಿಗೆ ನನ್ನ ಮುಖ್ಯವಾದ ಮಾತು ಬಂತು. ಅಂದಿನ ನಾಟಕ ಗಲಾಟೆಯಾಗದೆ ನಾಟಕವಾಗಿಯೇ ಉಳಿದದ್ದು ಹೇಗೆ? ಅಪ್ಪನ ಕೂಟದ ಭಾಗವತರೊಬ್ಬರು ನನಗೆ ಕೊಟ್ಟಿದ್ದ ಒಂದು ಜೊತೆ ತಾಳವನ್ನು ನಾನು ಹ್ಯಾನೋವರ್‌ಗೆ ತಂದಿದ್ದೆ. ಕಂಚಿನದು, ಅಂಗೈಯಲ್ಲಿ ಅಡಗುತ್ತದೆ, ದಾರ ಎರಡು ಸಲ ಬದಲಾಗಿದೆ. ಮೇಳದಲ್ಲಿ ನನ್ನ ಕೆಲಸ ಪರದೆಯ ಪಕ್ಕದಲ್ಲಿ ತಾಳ ಹಿಡಿದು ಕೂರುವುದು. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೆಯ ವೇಷ ಎಂದು ಕರೆಯುತ್ತಾರೆ. ಅರ್ಥಧಾರಿ ಎಷ್ಟೇ ದೊಡ್ಡವನಾಗಿರಲಿ, ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತಿದರೆ ಅವನ ಮಾತು ಅಲ್ಲಿಗೆ ನಿಲ್ಲಬೇಕು. ಇಬ್ಬರು ವಾದಕ್ಕೆ ಬಿದ್ದು ಕಥೆ ಬಿಟ್ಟು ದೂರ ಹೋದಾಗ, ಒಬ್ಬನೇ ಮಾತನ್ನೆಲ್ಲ ಕಬಳಿಸಿದಾಗ, ಕೇಳುಗರಿಗೆ ಸಾಕೆನಿಸುವ ಮೊದಲೇ ಅವರು ಅದನ್ನು ಅರಿಯುತ್ತಾರೆ. ನಮ್ಮ ಮೇಳದಲ್ಲಿಯೂ ತಾಳದ ಒಂದು ಪೆಟ್ಟಿಗೆ ಮಾತನಾಡುತ್ತಿರುವವನು ಮುಗಿಸಬೇಕು, ಎರಡು ಪೆಟ್ಟಿಗೆ ದೃಶ್ಯ ಬದಲಾಗಬೇಕು, ಬಿಡುವಿಲ್ಲದ ಪೆಟ್ಟಿಗೆ ನಾಟಕ ಮುಗಿಯಬೇಕು. ಅಂದು ನಾಯಕ ಹಿರಿಯಳ ಕಡೆ ಬೆರಳು ತೋರಿಸಿದ ಗಳಿಗೆಯಲ್ಲಿಯೇ ನಾನು ಬಿಡದೆ ತಾಳ ಬಾರಿಸಿ ನಾಟಕ ಮುಗಿಸಿದೆ. ಆರೋಪಕ್ಕೆ ಉತ್ತರ ಕೊಡುವ ಹಕ್ಕು ಆಕೆಯದು, ಅದು ರಂಗದ ಮೇಲೆ ಮುಗಿಯಬಾರದು, ಪಾಳೆಯಕ್ಕೆ ಹೋಗಬೇಕು ಎಂದು ಅನಿಸಿತು. ಇನ್ನೂ ಐದು ನಿಮಿಷ ಬಿಟ್ಟಿದ್ದರೆ ನಾವೇ ತೀರ್ಪು ಕೊಟ್ಟುಬಿಡುತ್ತಿದ್ದೆವು, ಮರುದಿನಕ್ಕೆ ಅವರಿಗೆ ಏನೂ ಉಳಿಯುತ್ತಿರಲಿಲ್ಲ. ಆಟದೊಳಗಿನ ನಾಟಕ ಪ್ರಶ್ನೆಯನ್ನು ತೆರೆದಿಟ್ಟು ಎದ್ದುಬರಬೇಕು. ಯಾವಾಗ ಏಳಬೇಕು ಎಂಬುದನ್ನು ಆಡುತ್ತಿರುವವನು ನಿರ್ಧರಿಸಲಾರ. ಅದಕ್ಕೆ ಹೊರಗೆ ಕುಳಿತ, ಎಲ್ಲರೂ ಮಾತು ಕೇಳುವ ಒಬ್ಬರು ಬೇಕು. ಭಾಗವತ ಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕಾಗಿ.

ಭಾಗವತನೂ ತಪ್ಪುತ್ತಾನೆ. ಇನ್ನೊಂದು ಆಟದಲ್ಲಿ ಹಿಂದಿನ ದಿನ ಸತ್ತಿದ್ದ ವೈದ್ಯೆಯೊಬ್ಬಳ ಪಾತ್ರವನ್ನು ನಾವು ಹಾಸ್ಯಕ್ಕೆ ಎತ್ತಿಕೊಂಡೆವು. ಜನ ನಕ್ಕರು, ನಾನು ತಾಳ ತಟ್ಟಲಿಲ್ಲ. ಆ ಪಾತ್ರವನ್ನು ಒಂಬತ್ತು ವರ್ಷ ಆಡಿದ್ದ ಹೆಂಗಸು, ಈಗ ಬೇರೊಂದು ಸಣ್ಣ ಪಾತ್ರದಲ್ಲಿ ಆ ಗುಂಪಿನ ನಡುವೆಯೇ ಕುಳಿತಿದ್ದರು. ಎದ್ದು ಕತ್ತಲಿಗೆ ಹೋದರು. ತಾವೇ ಹೊಲಿದ ಆ ವೈದ್ಯೆಯ ಔಷಧಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಡೇರೆಯ ಹಿಂದೆ ಅಳುತ್ತಿದ್ದದ್ದನ್ನು ನಾನು ನೋಡಿದೆ. ಆಟದ ಆಚೆಗೆ ಬಂದು ನಾವು ಏಳೂ ಜನ ಅವರಲ್ಲಿ ಕ್ಷಮೆ ಕೇಳಿದೆವು. ಅವರು ಕ್ಷಮಿಸಿದರು, ಆದರೆ ಉಳಿದ ಎರಡು ದಿನ ಅವರು ಆಟಕ್ಕೆ ಬರಲಿಲ್ಲ. ತಾಳಮದ್ದಳೆಯಲ್ಲಿಯೂ ಪಾತ್ರದ ಜಗಳ ಅರ್ಥಧಾರಿಗಳ ಜಗಳವಾಗಿ, ಕೂಟ ಮುಗಿದ ಮೇಲೂ ಮುಖ ಮುಖ ನೋಡದ ಪ್ರಸಂಗಗಳು ನಡೆದಿವೆ. ಮಾತು ಪಾತ್ರಕ್ಕೆ ತಗುಲಬೇಕು, ಮನುಷ್ಯನಿಗೆ ತಗುಲಬಾರದು ಎಂಬ ಎಚ್ಚರವನ್ನು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಅಂದಿನಿಂದ ಯಾರ ಪಾತ್ರವನ್ನು ನಾಟಕಕ್ಕೆ ಎತ್ತಿಕೊಳ್ಳುತ್ತೇವೋ ಅವರನ್ನು ಸಂಜೆಯೇ ಆಟದಿಂದಾಚೆ ಕರೆದು ಒಪ್ಪಿಗೆ ಕೇಳುತ್ತೇವೆ. ಬೇಡವೆಂದರೆ ಕಾರಣ ಕೇಳುವುದಿಲ್ಲ, ಬೇರೆ ಕಥೆ ಹುಡುಕುತ್ತೇವೆ. ಸ್ಕ್ಯಾಂಡಿನೇವಿಯಾದ ಲಾರ್ಪ್ ಬಳಗದಲ್ಲಿ ಎರಡು ಸಂಕೇತದ ಮಾತುಗಳಿವೆ: ಯಾರಾದರೂ 'ಕಟ್' ಎಂದರೆ ಆಟ ಇದ್ದಲ್ಲೇ ನಿಲ್ಲಬೇಕು, 'ಬ್ರೆಮ್ಸ್', ಅಂದರೆ ಬ್ರೇಕ್, ಎಂದರೆ ಆಟದ ಬಿರುಸು ತಗ್ಗಬೇಕು. ಈ ಎರಡು ಮಾತುಗಳನ್ನು ಪ್ರೇಕ್ಷಕರಿಗೂ ಹೇಳಿಕೊಟ್ಟು ನಂತರವೇ ನಾವು ಪರದೆ ಸರಿಸುವುದು.

ಕನ್ನಡ ನಾಡಿನಲ್ಲಿ ಇದಕ್ಕೆ ಬೇಕಾದ ವಿದ್ಯೆ ತಾಳಮದ್ದಳೆಯಲ್ಲಿ ಮಾತ್ರ ಇದೆ ಎಂದು ನಾನು ಹೇಳುತ್ತಿಲ್ಲ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತ ಮತ್ತು ದೂತಿಯ ನಡುವೆ ಅಲ್ಲಲ್ಲೇ ಹುಟ್ಟುವ ಮಾತುಕತೆ ಇದೆ. ಹಗಲುವೇಷದವರಂತೂ ಹಾಡಹಗಲೇ ವೇಷ ಕಟ್ಟಿ ಬೀದಿಗಿಳಿದು, ಅಂಗಡಿಯವನನ್ನೂ ದಾರಿಹೋಕನನ್ನೂ ತಮ್ಮ ಆಟದೊಳಕ್ಕೆ ಎಳೆದುಕೊಳ್ಳುತ್ತಿದ್ದವರು. ಲಾರ್ಪ್ ಆಡುವ ನನ್ನ ಜರ್ಮನ್ ಗೆಳೆಯರಿಗೆ ಅವರ ವಿಷಯ ಹೇಳಿದಾಗ ಅವರು ಬೆರಗಾಗಿ ಮತ್ತೆ ಮತ್ತೆ ಕೇಳಿದರು. ನಮ್ಮ ಹುಡುಗರು ಮಾತ್ರ ಆಟದ ಯುದ್ಧಕ್ಕೆ ಬಳಸುವ ಫೋಮಿನ ಕತ್ತಿ ಎಲ್ಲಿ ಸಿಗುತ್ತದೆ ಎಂದು ಮೊದಲು ಕೇಳುತ್ತಾರೆ. ಕತ್ತಿ ಆಮೇಲೆ ಬರಲಿ.

ಕಥೆಯ ಆಯ್ಕೆಯ ಬಗ್ಗೆಯೂ ನನ್ನದೊಂದು ಅಭಿಪ್ರಾಯವಿದೆ. ಯುರೋಪಿನ ಕಿನ್ನರರನ್ನೂ ಡ್ರ್ಯಾಗನ್‌ಗಳನ್ನೂ ಇಲ್ಲಿಗೆ ತರಬೇಕಾಗಿಲ್ಲ. ಹಾಗೆಂದು ರಾಮ ಕೃಷ್ಣರ ಪಾತ್ರವನ್ನು ಮೂರು ದಿನ ಹಗಲಿರುಳು ಬದುಕುವುದಕ್ಕೂ ನಾನು ಒಪ್ಪುವವನಲ್ಲ; ಕೂಟದಲ್ಲಿ ನಾಲ್ಕು ಗಂಟೆ ಅರ್ಥ ಹೇಳುವುದು ಬೇರೆ, ಊಟದ ಸಾಲಿನಲ್ಲಿಯೂ ದೇವರಾಗಿ ನಿಲ್ಲುವುದು ಬೇರೆ. ನಮ್ಮ ಊರಿನ ಇತಿಹಾಸವೇ ಸಾಕಷ್ಟಿದೆ. ಹದಿನಾರನೆಯ ಶತಮಾನದ ಗೇರುಸೊಪ್ಪೆ, ಅಲ್ಲಿ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ, ಶರಾವತಿಯ ಮೇಲೆ ದೋಣಿಯಲ್ಲಿ ಹೊನ್ನಾವರದ ಬಂದರಿಗೆ ಇಳಿಯುವ ಮೆಣಸಿನ ಮೂಟೆ, ತೂಕದ ಜಗಳ, ಸುಂಕದ ಕಟ್ಟೆ, ಬಸದಿಯ ಹಬ್ಬಕ್ಕೆ ಬಂದ ಒಂದು ಅಲೆಮಾರಿ ಮೇಳ: ಅರವತ್ತು ಜನ ಎರಡು ದಿನ ಆಡಲು ಇದಕ್ಕಿಂತ ಬೇರೇನು ಬೇಕು? ಆ ಮೇಳದವರು ಮೊದಲ ರಾತ್ರಿ ಅಂದಿನ ತೂಕದ ಜಗಳವನ್ನೇ ಎತ್ತಿಕೊಂಡು ಆಡಲಿ. ರಾಣಿಯ ಪಾತ್ರದ ಹುಡುಗಿ ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ. ಅವಳಿಗೆ ಕೋಪ ಬಂದು ಮೇಳವನ್ನೇ ಊರಾಚೆ ಹಾಕಿಸಿದರೆ, ಮರುದಿನದ ಆಟ ತಾನಾಗಿ ಹುಟ್ಟಿತು.

ಜಾಗದ ಮಾಲೀಕರ ಮತ್ತು ಗ್ರಾಮ ಪಂಚಾಯಿತಿಯ ಅನುಮತಿ, ಠಾಣೆಗೆ ಮುಂಚಿತವಾಗಿ ಮಾಹಿತಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಸತಿ ಇವೆಲ್ಲ ಇರಲೇಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಿನಂಚಿನಲ್ಲಿ ಬೆಂಕಿ ಬೇಡ, ಕಂದೀಲು ಸಾಕು.

ತಮ್ಮ ಪತ್ರಿಕೆಯ ಮೂಲಕ ನಾನು ಮಾಡುವ ಮನವಿ ಅರ್ಥಧಾರಿಗಳಿಗೆ ಮತ್ತು ಭಾಗವತರಿಗೆ. ಇಂತಹ ಆಟ ಕಟ್ಟಬೇಕೆಂದು ಕಾಲೇಜಿನ ಹುಡುಗರು ತಮ್ಮ ಮನೆ ಬಾಗಿಲಿಗೆ ಬಂದರೆ, ವಿಚಿತ್ರ ವೇಷದ ಹುಡುಗಾಟ ಎಂದು ಕಳುಹಿಸಿಬಿಡಬೇಡಿ. ಅವರನ್ನು ಎದುರು ಬದುರು ಕೂರಿಸಿ, ಒಂದು ಸಂಧಾನದ ಪದ ಹಾಡಿ, ಮಾತಿಗೆ ಮಾತು ಕೊಡುವುದನ್ನೂ ತಾಳ ಕೇಳಿದ ಕೂಡಲೇ ನಿಲ್ಲಿಸುವುದನ್ನೂ ನಾಲ್ಕು ಸಂಜೆ ಕಲಿಸಿಕೊಡಿ. ಮಾತನ್ನು ತಡೆದು ನಿಲ್ಲಿಸಿದಾಗ ಅವರಿಗೆ ಮೊದಮೊದಲು ಬೇಸರವಾಗುತ್ತದೆ, ನನಗೂ ಆಗಿತ್ತು. ಹುಡುಗರಿಗೆ ನನ್ನ ಮಾತು ಇಷ್ಟೇ: ಸಂಭಾಷಣೆ ಕೇಳಿಕೊಂಡು ಹ್ಯಾನೋವರ್‌ಗೆ ಬರೆಯುವ ಮೊದಲು ನಿಮ್ಮ ಊರಿನ ಮುಂದಿನ ಕೂಟಕ್ಕೆ ಹೋಗಿ, ಭಾಗವತರ ಮುಖವನ್ನೇ ನೋಡುತ್ತ ಕುಳಿತುಕೊಳ್ಳಿ. ಅವರು ಯಾವ ಮಾತಿನ ಮೇಲೆ ತಾಳ ಎತ್ತುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ನಾನು ಊರಿಗೆ ಬರುತ್ತೇನೆ. ಕೆಂಪು ಪರದೆ ತರುತ್ತೇನೆ, ತಾಳವನ್ನೂ ತರುತ್ತೇನೆ. ಅಷ್ಟರಲ್ಲಿ ನಿಮ್ಮಲ್ಲಿ ಒಬ್ಬರು ಅದನ್ನು ಹಿಡಿದು ಕೂರಲು ತಯಾರಾಗಿರಬೇಕು.

ಇತಿ ತಮ್ಮ ವಿಶ್ವಾಸಿ,
ಹೊನ್ನಾವರ ತಾಲ್ಲೂಕಿನ ಒಬ್ಬ ಓದುಗ,
ಸದ್ಯ ಹ್ಯಾನೋವರ್, ಜರ್ಮನಿ